ದಾಯಾದಿಯನ್ನು ಹುಡುಕಿದ ಒಂದು ಚಳಿಗಾಲ

ನಮ್ಮ ಹೈಯರ್ ಸೆಕೆಂಡರಿ ಶಾಲೆಯ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಕಡಲಪಾಚಿಯನ್ನು ಒಣಗಿಸಿ ಅಂಟಿಸಿದ ಹರ್ಬೇರಿಯಂ ಹಾಳೆಗಳೆಂದು ಇದ್ದವು ಆರೇ ಆರು. ಅವುಗಳಲ್ಲಿ ಎರಡನ್ನು ಗೆದ್ದಲು, ಒಂದನ್ನು ಬೂಷ್ಟು ಹಾಳುಮಾಡಿತ್ತು. ಕಾಸರಗೋಡಿನಂಥ ಕಡಲತಡಿಯ ಜಿಲ್ಲೆಯಲ್ಲಿದ್ದುಕೊಂಡು ಮಕ್ಕಳಿಗೆ ಪಾಚಿಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ತೋರಿಸುವುದು ನಾಚಿಕೆಯ ಸಂಗತಿ ಎನ್ನಿಸಿ, ಹೊಸ ಸಂಗ್ರಹವೊಂದನ್ನು ಮಾಡಲು ನಾನೇ ಹೊರಟೆ. ಮಳೆಗಾಲದ ಅಲೆಗಳ ಹೊಡೆತಕ್ಕೆ ಬಂಡೆಗಳೆಲ್ಲ ಬೋಳಾಗಿರುತ್ತವೆ. ತುಲಾ ಮಾಸ ಕಳೆದು ಕಡಲು ತಿಳಿಯಾದ ಮೇಲೆಯೇ ಪಾಚಿ ಮತ್ತೆ ಹುಲುಸಾಗಿ ಚಿಗುರುವುದು. ನಮ್ಮ ಕರಾವಳಿಯಲ್ಲಿ ಉಬ್ಬರವಿಳಿತದ ಅಂತರ ಸುಮಾರು ಒಂದೂವರೆ ಮೀಟರು ಮಾತ್ರವಾದ್ದರಿಂದ, ಅಮಾವಾಸ್ಯೆಯದೋ ಹುಣ್ಣಿಮೆಯದೋ ಆಸುಪಾಸಿನ ಇಳಿತವನ್ನು ನೋಡಿಕೊಂಡು ಹೋಗದಿದ್ದರೆ ಕೆಳಗಿನ ಸಾಲಿನ ಬಂಡೆಗಳು ಕಾಣಿಸುವುದೇ ಇಲ್ಲ. ಹಾಗಾಗಿ ಪಂಚಾಂಗವನ್ನೂ ಇಳಿತದ ವೇಳಾಪಟ್ಟಿಯನ್ನೂ ಜೊತೆಗಿಟ್ಟುಕೊಂಡು, ನವೆಂಬರಿನ ಒಂದು ಮುಂಜಾನೆ ಬೇಕಲ ಕೋಟೆಯ ಬುಡದ ಬಂಡೆಗಳಿಗೆ ಇಳಿದೆ.

ಅಲ್ಲಿ ಮೊದಲು ಕೈಗೆ ಸಿಕ್ಕಿದ್ದು ಗ್ರಾಸಿಲೇರಿಯಾ ಕಾರ್ಟಿಕೇಟಾ ಎಂಬ ಕೆಂಪು ಪಾಚಿ. ಕೆಂಪು ಎಂದರೂ ಅದರ ಬಣ್ಣ ಹಣ್ಣಾದ ನೇರಳೆಗೆ ಹತ್ತಿರ. ಎರಡೆರಡಾಗಿ ಕವಲೊಡೆಯುತ್ತ ಹೋಗುವ ಚಪ್ಪಟೆ ರೆಂಬೆಗಳು ಮುಟ್ಟಿದರೆ ತೊಗಲಿನಂತೆ ಗಡುಸು. ಬುಡವನ್ನು ಬಿಡಿಸಿ ಬಕೆಟ್ಟಿಗೆ ಹಾಕುವಾಗ ಒಂದು ಗಿಡದ ರೆಂಬೆಗಳ ಮೇಲೆಲ್ಲ ಸಾಸಿವೆಯ ಗಾತ್ರದ ಗುಳ್ಳೆಗಳು ಕಾಣಿಸಿದವು. ಪಕ್ಕದಲ್ಲಿ ಬೀಸುಬಲೆ ಹಿಡಿದು ನಿಂತಿದ್ದ ಅಜ್ಜರೊಬ್ಬರು ಬಾಗಿ ನೋಡಿ, "ಇದಕ್ಕೆಂಥ ಟೀಚರೇ, ಸಿಡುಬು ಎದ್ದಿದೆಯಾ?" ಎಂದು ಕೇಳಿದರು. ನಾನು ನಕ್ಕೆನಾದರೂ, ಎಂ.ಎಸ್ಸಿ. ತರಗತಿಯಲ್ಲಿ ಒಂದೇ ಒಂದು ಪ್ಯಾರಾದಲ್ಲಿ ಓದಿ ಮರೆತಿದ್ದ ವಿಷಯವೊಂದು ಆ ಮಾತಿನಿಂದ ನೆನಪಿಗೆ ಬಂತು: ಕೆಂಪು ಪಾಚಿಗಳ ಮೇಲೆ ಬದುಕುವ ಪರಾವಲಂಬಿ ಕೆಂಪು ಪಾಚಿಗಳಿವೆ, ಮತ್ತು ಅವು ನೋಡಲು ಹೀಗೆಯೇ, ಸಣ್ಣ ಗುಳ್ಳೆಗಳಂತೆ ಇರುತ್ತವೆ.

ಮನೆಗೆ ಬಂದು ಆ ರಾತ್ರಿಯೆಲ್ಲ ಓದಿದೆ. ಇಂಥ ಪರಾವಲಂಬಿಗಳಲ್ಲಿ ಈವರೆಗೆ ಹೆಸರಿಟ್ಟ ಪ್ರಭೇದಗಳು ನೂರಕ್ಕೂ ಹೆಚ್ಚು. ಕೋರಿಯೊಕೋಲಾಕ್ಸ್ ಎಂಬುದನ್ನು ರೈನ್ಶ್ 1875ರಲ್ಲಿ, ಯಾಂಚೆವ್‌ಸ್ಕಿಯಾ ಎಂಬುದನ್ನು ಸೋಲ್ಮ್ಸ್-ಲೌಬಾಖ್ 1877ರಲ್ಲಿ ವಿವರಿಸಿದರು. ಕ್ಯಾಲಿಫೋರ್ನಿಯಾದ ತೀರದಿಂದ ಗ್ರಾಸಿಲೇರಿಯೊಫಿಲಾ ಒರೈಝಾಯ್ಡಿಸ್ ಎಂಬ ಪ್ರಭೇದಕ್ಕೆ 1910ರಲ್ಲಿ ಹೆಸರು ಬಂತು; ಒರೈಝಾಯ್ಡಿಸ್ ಎಂದರೆ ಅಕ್ಕಿಕಾಳಿನಂಥದು. ಈ ಕುಲನಾಮಗಳಲ್ಲಿ ಮತ್ತೆ ಮತ್ತೆ ಬರುವ "ಕೋಲಾಕ್ಸ್" ಎಂಬ ತುದಿ ಗ್ರೀಕ್ ಪದ. ಅದರ ಅರ್ಥ ಹೊಗಳುಭಟ್ಟ, ಅಂದರೆ ಧಣಿಯನ್ನು ಹಾಡಿ ಹೊಗಳಿ ಅವನದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವನು. ಹಿಪ್ನಿಯಾ ಎಂಬ ಪಾಚಿಯ ಮೇಲೆ ಬೆಳೆಯುವುದಕ್ಕೆ ಬೋರ್ಗೆಸೆನ್ 1920ರಲ್ಲಿ ಹಿಪ್ನಿಯೊಕೋಲಾಕ್ಸ್ ಎಂದು ಹೆಸರಿಟ್ಟದ್ದು ಇದೇ ರೀತಿಯಲ್ಲಿ. ಹೆಸರಿನಲ್ಲೇ ಧಣಿಯ ವಿಳಾಸ ಇರುವುದರಿಂದ ಹುಡುಕುವವರಿಗೆ ಅನುಕೂಲ. ಆದರೆ ಈ ಅನುಕೂಲವೇ ಮುಂದೆ ವರ್ಗೀಕರಣಕ್ಕೆ ತೊಡಕಾಯಿತೆಂಬುದು ನನಗೆ ಆಗ ತಿಳಿದಿರಲಿಲ್ಲ.

ಪರಾವಲಂಬಿ ಎಂದಾಗ ನಮ್ಮ ಊರಿನವರ ಕಣ್ಣ ಮುಂದೆ ಬರುವುದು ಮಾವಿನ ಮರದ ಬಂದಳಿಕೆ. ಬಂದಳಿಕೆಗೂ ಮಾವಿಗೂ ಯಾವ ನೆಂಟಸ್ತಿಕೆಯೂ ಇಲ್ಲ. ಹೂ ಬಿಟ್ಟಾಗ ನೋಡಿದರೆ ಮಕ್ಕಳಿಗೂ ಅದು ಗೊತ್ತಾಗುತ್ತದೆ. ಕೆಂಪು ಪಾಚಿಗಳ ಲೋಕದಲ್ಲಿ ಇದು ತಿರುಗುಮುರುಗು. ಇಲ್ಲಿನ ಪರಾವಲಂಬಿಗಳಲ್ಲಿ ಬಹುಪಾಲು ತಮ್ಮ ಆತಿಥೇಯ ಸಸ್ಯದ ತೀರ ಹತ್ತಿರದ ಸಂಬಂಧಿಗಳು. 1918ರಲ್ಲಿಯೇ ಸೆಚೆಲ್ ಎಂಬ ಅಮೆರಿಕದ ಪಾಚಿತಜ್ಞರು ಈ ಹೋಲಿಕೆಯ ಬಗ್ಗೆ ಬರೆದಿದ್ದರು. 1958ರಲ್ಲಿ ಫೆಲ್ಡ್‌ಮನ್ ದಂಪತಿಗಳು, ಸೋದರ ಎಂಬರ್ಥದ ಗ್ರೀಕ್ ಪದದಿಂದ, ಇಂಥವುಗಳಿಗೆ "ಅಡೆಲ್ಫೊಪ್ಯಾರಸೈಟ್" ಎಂಬ ಪದವನ್ನು ಕೊಟ್ಟರು; ದೂರದ ಸಂಬಂಧಿಯ ಮೇಲೆ ಬೆಳೆಯುವ ಅಲ್ಪಸಂಖ್ಯಾತರು "ಅಲ್ಲೊಪ್ಯಾರಸೈಟ್"ಗಳಾದರು. ಮೊದಲನೆಯದಕ್ಕೆ ಕನ್ನಡದಲ್ಲಿ "ಸೋದರ ಪರಾವಲಂಬಿ" ಎಂದು ಬರೆಯಬಹುದು. ನನಗಾದರೋ "ದಾಯಾದಿ" ಎಂಬ ನಮ್ಮ ಪದವೇ ಹೆಚ್ಚು ಒಪ್ಪುತ್ತದೆ. ಸೋದರ ಎಂಬಲ್ಲಿ ಪ್ರೀತಿಯಷ್ಟೇ ಕೇಳಿಸಿದರೆ, ದಾಯಾದಿ ಎಂಬಲ್ಲಿ ರಕ್ತಸಂಬಂಧವೂ ಆಸ್ತಿಯ ಪಾಲೂ ಒಟ್ಟಿಗೆ ಕೇಳಿಸುತ್ತವೆ.

ಮರುದಿನ ಶಾಲೆಯ ಸೂಕ್ಷ್ಮದರ್ಶಕವನ್ನು ಅನುಮತಿ ಪಡೆದು ಮನೆಗೆ ತಂದು, ಊಟದ ಮೇಜಿನ ಮೇಲೆ ಕೆಲಸ ಆರಂಭಿಸಿದೆ. ಗುಳ್ಳೆಯಿರುವ ರೆಂಬೆಯ ತುಂಡನ್ನು ಸೀಳಿದ ಕ್ಯಾರೆಟ್ಟಿನ ನಡುವೆ ಸಿಕ್ಕಿಸಿ, ಹೊಸ ಬ್ಲೇಡಿನಿಂದ ತೆಳ್ಳಗೆ ಕೊಯ್ಯಬೇಕು. ಮೊದಲ ಇಪ್ಪತ್ತು ಕೊಯ್ತಗಳಲ್ಲಿ ಗುಳ್ಳೆ ಕಳಚಿ ಹಾರಿಹೋಯಿತು, ಇಲ್ಲವೇ ಹಪ್ಪಳದಷ್ಟು ದಪ್ಪವಾಗಿ ಬೆಳಕೇ ತೂರದಾಯಿತು. ಕೊನೆಗೆ ಸರಿಯಾದ ಎರಡು ಮೂರನ್ನು ಆಯ್ದು, ತುಸು ಆಮ್ಲ ಬೆರೆಸಿದ ಅನಿಲಿನ್ ಬ್ಲೂ ಬಣ್ಣದಲ್ಲಿ ಅದ್ದಿ, ತೊಳೆದು, ಗ್ಲಿಸರಿನ್ ಹನಿಯಲ್ಲಿಟ್ಟು ಮುಚ್ಚಿದೆ. ಮಸೂರದಡಿ ಕಂಡದ್ದು ಒಂದು ಗುಮ್ಮಟ. ಅದರ ಒಳಗೆ, ತಳದಿಂದ ಎದ್ದ ಕೋಶಗಳ ಒಂದು ಮುದ್ದೆ. ಮುದ್ದೆಯ ಹೊರ ಅಂಚಿನಲ್ಲಿ ಮಣಿ ಪೋಣಿಸಿದಂತೆ ಗುಂಡುಗುಂಡಾದ ಕೋಶಗಳ ಸಾಲುಗಳು. ಮತ್ತು ಆ ಮುದ್ದೆಯಿಂದ ಹೊರಟು ಗುಮ್ಮಟದ ಗೋಡೆಯೊಳಕ್ಕೆ ಚುಚ್ಚಿಕೊಂಡಿದ್ದ ತೆಳು ನಳಿಕೆಗಳು. ಆ ನಳಿಕೆಗಳನ್ನು ಕಂಡಾಗ ನನ್ನ ಕೈ ನಿಜವಾಗಿಯೂ ನಡುಗಿತು. ಗೋಡೆಯಿಂದ ಆಹಾರ ಹೀರುವ ಅನ್ಯ ಜೀವಿಯಲ್ಲದೆ ಇದು ಇನ್ನೇನಿರಬಹುದು? ಹೊಸ ಕಡತವೊಂದನ್ನು ತೆಗೆದು, ಮೇಲೆ ದಪ್ಪ ಅಕ್ಷರಗಳಲ್ಲಿ "ಪರಾವಲಂಬಿಗಳು" ಎಂದು ಬರೆದಿಟ್ಟೆ.

ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಕಳುಹಿಸಿದೆ. ಆಕೆ ಈಗ ದೂರದ ನಗರದಲ್ಲಿ ಪಾಚಿಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದಾಳೆ. ಅರ್ಧ ಗಂಟೆಯಲ್ಲಿ ಫೋನು ಬಂತು. "ಟೀಚರ್, ಬೇಸರ ಮಾಡಬೇಡಿ, ಅದು ಬಸುರಿ ಗಿಡ. ಗುಮ್ಮಟದ ನೆತ್ತಿಯಲ್ಲಿ ಒಂದು ಬಾಯಿ ಇರಬೇಕು, ನೋಡಿ." ನೋಡಿದರೆ, ನಡುವಿನ ಕೊಯ್ತದಲ್ಲಿ ನೆತ್ತಿಯ ಮೇಲೆ ಸಣ್ಣ ತೂತು ಸ್ಪಷ್ಟವಾಗಿತ್ತು. ಅದು ಸಿಸ್ಟೋಕಾರ್ಪ್. ಗ್ರಾಸಿಲೇರಿಯಾದ ಹೆಣ್ಣು ಸಸ್ಯದಲ್ಲಿ ನಿಷೇಚನದ ಬಳಿಕ ಏಳುವ ಗುಳ್ಳೆ. ಮಣಿಗಳ ಸಾಲೆಂದು ನಾನು ಕಂಡದ್ದು ಹೊರಬೀಳಲಿರುವ ಬೀಜಕಗಳು. ನಳಿಕೆಗಳು ಗ್ರಾಸಿಲೇರಿಯಾದ ಲಕ್ಷಣವೇ ಆದ ಪೋಷಕ ಕೋಶಗಳು. ಅದೇ ಕುಟುಂಬದ ಗ್ರಾಸಿಲೇರಿಯಾಪ್ಸಿಸ್ ಕುಲದಲ್ಲಿ ಅವು ಇರುವುದಿಲ್ಲ ಎಂಬುದನ್ನು ನಾನೇ ಹಿಂದೆ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

ನನ್ನ ತಪ್ಪು ತಪ್ಪೇ. ಆದರೆ ಇದು ಹಾದಿ ತಪ್ಪಿಸಿದ ತಪ್ಪಲ್ಲವೆಂದು ಆಕೆ ಮುಂದೆ ವಿವರಿಸಿದಾಗ ತಿಳಿಯಿತು. ಕೆಂಪು ಪಾಚಿಗಳಲ್ಲಿ ಹೆಚ್ಚಿನವುಗಳ ಜೀವನಚಕ್ರದಲ್ಲಿ ಮೂರು ತಲೆಮಾರುಗಳು. ಗಂಡು ಮತ್ತು ಹೆಣ್ಣು ಸಸ್ಯಗಳದು ಒಂದು. ನಿಷೇಚನದಿಂದ ಹುಟ್ಟಿ ತಾಯಿಯ ಮೈಯಲ್ಲೇ ಬೆಳೆಯುವುದು ಇನ್ನೊಂದು. ಅದು ಚೆಲ್ಲಿದ ಬೀಜಕಗಳಿಂದ ಬಂಡೆಯ ಮೇಲೆ ಸ್ವತಂತ್ರವಾಗಿ ಬೆಳೆಯುವುದು ಮೂರನೆಯದು. ಈ ನಡುವಿನ ತಲೆಮಾರು ಎಂದೂ ತಾಯಿಯನ್ನು ಬಿಟ್ಟು ಬದುಕುವುದಿಲ್ಲ. ಅದು ತಾಯಿಯ ಕೋಶಗಳೊಂದಿಗೆ ಬೆಸೆದುಕೊಂಡು, ತಾಯಿ ಬೆಳಕಿನಿಂದ ತಯಾರಿಸಿದ ಆಹಾರವನ್ನುಂಡು, ಸಾವಿರಾರು ಬೀಜಕಗಳನ್ನು ಹೊರಹಾಕುತ್ತದೆ. ಅಂದರೆ, ಒಂದು ದೇಹ ಇನ್ನೊಂದರ ಮೇಲೆ ಕುಳಿತು ಕೋಶ ಕೋಶ ಬೆಸೆದು ಉಣ್ಣುವ ವಿದ್ಯೆ ಈ ವಂಶದಲ್ಲಿ ಪರಾವಲಂಬಿಗಳು ಬರುವ ಮೊದಲೇ ಇತ್ತು. ತಾಯಿಯ ಅಥವಾ ತಾಯಿಯಂಥ ಸಸ್ಯದ ಮೇಲೆಯೇ ಮೊಳೆತ ಬೀಜಕವೊಂದು ಅಲ್ಲಿಯೇ ನೆಲೆಯೂರಿ ಪರಾವಲಂಬಿಯಾಗಿರಬಹುದು ಎಂಬ ಊಹೆ ಸೆಚೆಲ್ ಅವರ ಕಾಲದಿಂದಲೂ ಇದೆ. ಸಿಸ್ಟೋಕಾರ್ಪನ್ನು ಪರಾವಲಂಬಿ ಎಂದು ಭ್ರಮಿಸಿದ ನನಗೆ ಇದನ್ನು ಕೇಳಿ ತುಸು ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಬೆಸೆಯುವ ವಿದ್ಯೆಯ ಒಳಗುಟ್ಟು ಕೋಶಗಳ ನಡುವಿನ ತೂತಿನಲ್ಲಿದೆ. ಕೆಂಪು ಪಾಚಿಯ ಕೋಶ ಇಬ್ಭಾಗವಾಗುವಾಗ ನಡುಗೋಡೆ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಉಳಿದ ತೂತಿಗೆ ಪ್ರೋಟೀನಿನ ಬಿರಡೆಯೊಂದು ಕುಳಿತುಕೊಳ್ಳುತ್ತದೆ. ಅನಿಲಿನ್ ಬ್ಲೂ ಹಾಕಿದಾಗ ಕೋಶ ಕೋಶದ ನಡುವೆ ನೀಲಿ ಚುಕ್ಕೆಯಾಗಿ ಕಾಣುವುದು ಈ ಬಿರಡೆಯೇ. ಅನೇಕ ಕೆಂಪು ಪಾಚಿಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಒಂದು ಕೋಶ ತನ್ನ ಮಗ್ಗುಲಿನಲ್ಲಿ, ಒಂದು ಕೋಶಕೇಂದ್ರವನ್ನು ಇಟ್ಟು, ಪುಟ್ಟ ಕೋಶವೊಂದನ್ನು ಕತ್ತರಿಸಿ ಹೊರಡಿಸುತ್ತದೆ. ಆ ಪುಟ್ಟ ಕೋಶ ನೆರೆಯ ಕೋಶದೊಂದಿಗೆ ಬೆಸೆದು ಅದರೊಳಗೆ ಕರಗಿಹೋಗುತ್ತದೆ. ಹೀಗೆ ಹುಟ್ಟಿನಿಂದ ಸಂಬಂಧವಿಲ್ಲದ ಎರಡು ಕೋಶಗಳ ನಡುವೆಯೂ ಬಿರಡೆಯ ಕೊಂಡಿ ಬೀಳುತ್ತದೆ. ಒಂದೇ ಗಿಡದೊಳಗೆ ಇದು ಮನೆವಾರ್ತೆ. ಪರಾವಲಂಬಿ ಮಾಡುವುದೂ ಇಷ್ಟನ್ನೇ, ಆದರೆ ನೆರೆಯ ಕೋಶ ಇನ್ನೊಬ್ಬರದು. 1984ರಲ್ಲಿ ಲಿಂಡಾ ಗಾಫ್ ಮತ್ತು ಅನೆಟ್ ಕೋಲ್‌ಮನ್ ಅವರು, ಡಿಎನ್‌ಎಗೆ ಅಂಟಿ ಹೊಳೆಯುವ ಬಣ್ಣವೊಂದನ್ನು ಬಳಸಿ, ಕೋರಿಯೊಕೋಲಾಕ್ಸಿನ ಕೋಶಕೇಂದ್ರಗಳು ಅದರ ಆತಿಥೇಯವಾದ ಪಾಲಿಸೈಫೋನಿಯಾದ ಕೋಶಗಳೊಳಕ್ಕೆ ದಾಟುವುದನ್ನು ತೋರಿಸಿದರು. ದಾಟಿದವು ಅಲ್ಲಿ ಒಡೆದು ಹೆಚ್ಚುವುದಿಲ್ಲ, ಆದರೆ ಕೆಲವು ವಾರಗಳ ಕಾಲ ಉಳಿದಿರುತ್ತವೆ, ಮತ್ತು ಆ ಕೋಶ ಊದಿಕೊಳ್ಳುತ್ತದೆ. ಗ್ರಾಸಿಲೇರಿಯೊಫಿಲಾದಂಥ ದಾಯಾದಿಗಳ ಕೋಶಕೇಂದ್ರಗಳಾದರೋ ಆತಿಥೇಯದ ಕೋಶದೊಳಗೇ ಹೆಚ್ಚುತ್ತ ಹೋಗಿ, ಕೊನೆಗೆ ಆ ಕೋಶವನ್ನು ತಮ್ಮದನ್ನಾಗಿ ಮಾಡಿಕೊಳ್ಳುತ್ತವೆ. ಪರಾವಲಂಬಿಗಳು ಬಂಧುಗಳ ಮನೆಯನ್ನೇ ಏಕೆ ಹಿಡಿಯುತ್ತವೆ ಎಂಬ ಪ್ರಶ್ನೆಗೆ ನನಗೆ ಹೊಳೆಯುವ ಉತ್ತರ ಇಲ್ಲಿಯೇ ಇದೆ: ಗೋಡೆ ಒಡೆಯುವುದು ಯಾರಿಗೂ ಸಾಧ್ಯ, ಬಾಗಿಲ ಅಗಳಿ ಎಲ್ಲಿದೆಯೆಂದು ತಿಳಿದಿರುವುದು ಅದೇ ಮನೆಯಲ್ಲಿ ಹುಟ್ಟಿದವರಿಗೆ.

ಇಷ್ಟಾದ ಮೇಲೆ ಕೆಲಸ ಮುಗಿಯಬೇಕಿತ್ತು. ಆದರೆ ಅದೇ ದಿನದ ಸಂಗ್ರಹದಲ್ಲಿ ಇನ್ನೊಂದು ಗಿಡವಿತ್ತು. ಅದರ ಗಂಟುಗಳು ಗುಮ್ಮಟದಂತಿರದೆ ಹೂಕೋಸಿನ ತುಣುಕಿನಂತೆ ಅಂಕುಡೊಂಕಾಗಿ, ಗಿಡಕ್ಕಿಂತ ಪೇಲವವಾಗಿದ್ದವು. ಕೊಯ್ದು ನೋಡಿದರೆ ಬಾಯಿಯಿಲ್ಲ, ಬೀಜಕಗಳಿಲ್ಲ, ಕ್ರಮ ತಪ್ಪಿ ಬೆಳೆದ ಕೋಶಗಳಷ್ಟೇ. ಪೇಲವ ಬಣ್ಣ ಪರಾವಲಂಬಿಗಳ ಲಕ್ಷಣವಾದ್ದರಿಂದ ನನ್ನ ಆಸೆ ಮತ್ತೆ ಚಿಗುರಿತು. ಈ ಬಾರಿ ಡಿಎನ್‌ಎ ಪರೀಕ್ಷೆಯೇ ಆಗಲೆಂದು ವಿದ್ಯಾರ್ಥಿನಿಗೆ ಹೇಳಿದಾಗ ಆಕೆ ಕೇಳಿದ ಮೊದಲ ಪ್ರಶ್ನೆ, "ಫಾರ್ಮಲಿನ್‌ಗೆ ಹಾಕಿಲ್ಲ ತಾನೇ ಟೀಚರ್?" ಹಾಕಿ ಎಂಟು ದಿನವಾಗಿತ್ತು. ಫಾರ್ಮಲಿನ್ ಆಕಾರವನ್ನು ಕಾಪಾಡುತ್ತದೆ, ಡಿಎನ್‌ಎಯನ್ನು ಕೆಡಿಸುತ್ತದೆ. ಡಿಎನ್‌ಎ ಬೇಕಾದರೆ ಗಿಡವನ್ನು ಒರಸಿ ಸಿಲಿಕಾ ಜೆಲ್ ಹರಳುಗಳ ನಡುವೆ ಬೇಗನೆ ಒಣಗಿಸಬೇಕು. ಹಾಗಾಗಿ ಮುಂದಿನ ಹುಣ್ಣಿಮೆಯ ಇಳಿತದವರೆಗೆ ಕಾದು ಮತ್ತೆ ಬೇಕಲಕ್ಕೆ ಹೋದೆ. ಎರಡು ಗಂಟೆ ಹುಡುಕಿದರೂ ಗಂಟಿರುವ ತುಂಡುಗಳು ಸಿಕ್ಕಿದ್ದು ಮೂರು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣಗಳನ್ನು ಅಕ್ಕಪಕ್ಕದ ಮನೆಗಳಿಂದಲೂ ಕೇಳಿ ತಂದು ಒಣಗಿಸಿದ್ದನ್ನು ಕೇಳಿ ಆಕೆ ನಕ್ಕಳು. ಆದರೆ ಕೆಲಸ ನಡೆಯಿತು.

ಯಾವ ಜೀನನ್ನು ಓದಬೇಕೆಂಬುದರಲ್ಲಿಯೂ ಒಂದು ಸಿಕ್ಕು ಇದೆ. ಕೆಂಪು ಪಾಚಿಗಳನ್ನು ಗುರುತಿಸಲು ಸಾಮಾನ್ಯವಾಗಿ ಬಳಸುವ ಆರ್‌ಬಿಸಿಎಲ್ ಜೀನು ಇರುವುದು ಪ್ಲಾಸ್ಟಿಡ್ಡಿನಲ್ಲಿ, ಅಂದರೆ ಕೋಶದೊಳಗೆ ಬೆಳಕಿನಿಂದ ಆಹಾರ ತಯಾರಿಸುವ ಭಾಗದಲ್ಲಿ. ಗ್ರಾಸಿಲೇರಿಯೊಫಿಲಾ ಮತ್ತು ಅದರಂಥ ಇನ್ನೆರಡು ದಾಯಾದಿಗಳು ತಮ್ಮ ಪ್ಲಾಸ್ಟಿಡ್ಡನ್ನು ಕಳೆದುಕೊಂಡು ಆತಿಥೇಯದ ಪ್ಲಾಸ್ಟಿಡ್ಡನ್ನೇ ಬಣ್ಣಗೆಟ್ಟ ರೂಪದಲ್ಲಿ ಇಟ್ಟುಕೊಂಡಿರುತ್ತವೆ, ಆದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾ ತಮ್ಮದೇ ಎಂದು ಗಾಫ್ ಮತ್ತು ಕೋಲ್‌ಮನ್ 1995ರಲ್ಲಿ ತೋರಿಸಿದ್ದರು. ಆದ್ದರಿಂದ ಇಂಥಲ್ಲಿ ಪ್ಲಾಸ್ಟಿಡ್ಡಿನ ಜೀನನ್ನು ಮಾತ್ರ ಓದಿದರೆ, ಬಾಡಿಗೆಮನೆಯ ಬಾಗಿಲ ಹೆಸರನ್ನು ಓದಿ ಒಳಗಿರುವವರ ಹೆಸರು ಹೇಳಿದಂತಾಗುತ್ತದೆ. ಮೈಟೋಕಾಂಡ್ರಿಯಾದ ಕಾಕ್ಸ್-1 ಜೀನನ್ನೂ ಓದಬೇಕು. ಇದೇ ಎಲ್ಲ ಪರಾವಲಂಬಿಗಳ ರೀತಿಯೆಂದು ಬಹುಕಾಲ ತಿಳಿಯಲಾಗಿತ್ತು. ಆದರೆ 2015ರಲ್ಲಿ ಕೋರಿಯೊಕೋಲಾಕ್ಸಿನಲ್ಲಿ ಅದರದೇ ಆದ ಪ್ಲಾಸ್ಟಿಡ್ಡಿನ ಜೀನೋಮು ಸಿಕ್ಕಿತು. ಸ್ವತಂತ್ರವಾಗಿ ಬದುಕುವ ಕೆಂಪು ಪಾಚಿಗಳಲ್ಲಿ ಸಾಮಾನ್ಯವಾಗಿ 1,80,000ದ ಆಸುಪಾಸಿನಲ್ಲಿರುವ ಅಕ್ಷರಜೋಡಿಗಳು ಇದರಲ್ಲಿ ಸುಮಾರು 90,000ಕ್ಕೆ ಇಳಿದಿವೆ; ಬೆಳಕಿನಿಂದ ಆಹಾರ ತಯಾರಿಸುವ ಜೀನುಗಳು ಮಾಯವಾಗಿ, ಕೊಬ್ಬಿನಾಮ್ಲದಂಥವುಗಳನ್ನು ತಯಾರಿಸುವ ಜೀನುಗಳು ಉಳಿದಿವೆ. ಸಂಶೋಧಕರು ಇದನ್ನು ಪ್ರೇತ ಪ್ಲಾಸ್ಟಿಡ್ ಎಂದು ಕರೆದರು.

ಓದಿನ ತಪ್ಪುಗಳು ಪಂಡಿತರಿಗೂ ತಪ್ಪಿದ್ದಲ್ಲ. ಪರಾವಲಂಬಿಯಾದದ್ದರಿಂದ ಗ್ರಾಸಿಲೇರಿಯೊಫಿಲಾ ಮೈಟೋಕಾಂಡ್ರಿಯಾದ ಮುಖ್ಯ ಜೀನುಗಳನ್ನೂ ಕಳೆದುಕೊಂಡಿದೆ ಎಂದು 2010ರಲ್ಲಿ ಪ್ರಕಟವಾಗಿತ್ತು. 2017ರಲ್ಲಿ ಅದನ್ನೇ ಮತ್ತೆ ಓದಿದಾಗ, ಕೆಂಪು ಪಾಚಿಗಳಲ್ಲಿ ಕಳೆದುಹೋದವೆಂದು ಬರೆದಿದ್ದ ಇಂಥ ಜೀನುಗಳಲ್ಲಿ ಹೆಚ್ಚಿನವು ಇದ್ದಲ್ಲಿಯೇ ಇದ್ದವು.

ನನ್ನ ಮೂರು ತುಂಡುಗಳ ಫಲಿತಾಂಶ ಫೆಬ್ರವರಿಯಲ್ಲಿ ಬಂತು: ಎರಡೂ ಜೀನುಗಳು ಗಂಟಿನಲ್ಲಿಯೂ ಗಂಟಿಲ್ಲದ ರೆಂಬೆಯಲ್ಲಿಯೂ ಒಂದೇ. ಇಷ್ಟರಿಂದಲೇ ಪರಾವಲಂಬಿ ಇಲ್ಲವೆಂದು ಹೇಳುವಂತಿಲ್ಲ, ಏಕೆಂದರೆ ಗಂಟಿನಲ್ಲಿ ಆತಿಥೇಯದ ಕೋಶಗಳೇ ಹೆಚ್ಚಾಗಿದ್ದರೆ ಅವುಗಳ ಡಿಎನ್‌ಎ ಉಳಿದದ್ದನ್ನು ಮುಚ್ಚಿಹಾಕುತ್ತದೆ. ಆದರೆ ಕೊಯ್ತದಲ್ಲಿಯೂ ಅನ್ಯ ಕೋಶಗಳ ಗುರುತಿರಲಿಲ್ಲ, ಪರಾವಲಂಬಿಗೆ ಇರಲೇಬೇಕಾದ ತನ್ನದೇ ಸಂತಾನಾಂಗಗಳೂ ಇರಲಿಲ್ಲ. ಇಂಥ ಗಂಟುಗಳನ್ನು ಬ್ಯಾಕ್ಟೀರಿಯಾಗಳೂ ಎಬ್ಬಿಸುತ್ತವೆ. ಲೋಬೊಕೋಲಾಕ್ಸ್ ಎಂದು 1914ರಲ್ಲಿ ಪರಾವಲಂಬಿ ಪಾಚಿಯ ಪಟ್ಟ ಪಡೆದದ್ದು, ವಾಸ್ತವದಲ್ಲಿ ಬ್ಯಾಕ್ಟೀರಿಯಾದ ಗಂಟೆಂದು ಆಮೇಲೆ ತಿಳಿದುಬಂತು. ಹೆಸರಿನಲ್ಲಿ ಕೋಲಾಕ್ಸ್ ಎಂದಿದ್ದ ಮಾತ್ರಕ್ಕೆ ಪಂಕ್ತಿಯಲ್ಲಿ ಉಣ್ಣುವವನು ಇದ್ದಾನೆಂದೇನೂ ಅಲ್ಲ.

ವರ್ಗೀಕರಣದ ತೊಡಕು ಎಂದೆನಲ್ಲ, ಅದೂ ಇದೇ ಜಾತಿಯದು. ಪರಾವಲಂಬಿಯಾದ ಮೇಲೆ ದೇಹ ಕುಗ್ಗುತ್ತದೆ, ಬಣ್ಣ ಹೋಗುತ್ತದೆ, ಎಲ್ಲವೂ ಒಂದೇ ಬಗೆಯ ಗುಳ್ಳೆಗಳಾಗುತ್ತವೆ. ಹೀಗೆ ಒಂದರಂತೆ ಒಂದು ಕಾಣುವ ಕೆಲವನ್ನು ಹಿಂದಿನವರು ಕೋರಿಯೊಕೋಲಾಕೇಸಿ ಎಂಬ ಒಂದೇ ಕುಟುಂಬದಲ್ಲಿ ಸೇರಿಸಿದ್ದರು. 2004ರಲ್ಲಿ ಜುಕರೆಲ್ಲೊ ಮತ್ತು ಸಂಗಡಿಗರು ಜೀನುಗಳನ್ನು ಹೋಲಿಸಿದಾಗ ಆ ಕುಟುಂಬ ಒಡೆಯಿತು: ಗ್ರಾಸಿಲೇರಿಯಾದ ಬಳಗದ ಮೇಲೆ ಬೆಳೆಯುವ ಹೋಮ್‌ಸೆಲ್ಲಾ ಗ್ರಾಸಿಲೇರಿಯಾದ ಬಳಗಕ್ಕೇ ಸೇರಿತು, ಕೋರಿಯೊಕೋಲಾಕ್ಸ್ ಮತ್ತು ಹಾರ್ವಿಯೆಲ್ಲಾಗಳು ಪಾಲಿಸೈಫೋನಿಯಾ ಇರುವ ರೋಡೊಮೆಲೇಸಿ ಕುಟುಂಬಕ್ಕೆ ಹೋದವು. ಪರಾವಲಂಬನೆ ಒಮ್ಮೆ ಹುಟ್ಟಿ ಹರಡಿದ್ದಲ್ಲ, ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆಯಾಗಿ ಹಲವು ಬಾರಿ ಹುಟ್ಟಿದ್ದು. ಹಾಗಾದರೆ ದಾಯಾದಿಗೆ ಪ್ರತ್ಯೇಕ ಕುಲನಾಮ ಏಕೆ? ಆತಿಥೇಯದ ಕುಲದೊಳಗಿನಿಂದಲೇ ಒಡೆದು ಬಂದದ್ದನ್ನು ಹೊರಗಿಟ್ಟರೆ, ಉಳಿದ ಕುಲ ಒಂದು ಮಗುವನ್ನು ಬಿಟ್ಟು ತೆಗೆದ ಕುಟುಂಬದ ಫೋಟೋದಂತಾಗುತ್ತದೆ. ಈಚಿನ ತಜ್ಞರು ಅದನ್ನು ಆತಿಥೇಯದ ಕುಲದೊಳಗೇ ಇಡುತ್ತಿದ್ದಾರೆ. ನ್ಯೂಜಿಲೆಂಡಿನಲ್ಲಿ ವರ್ಟೆಬ್ರೇಟಾ ಅಟೆರಿಮಾ ಎಂಬ ಪಾಚಿಯ ಮೇಲೆ ಕಂಡ ಪರಾವಲಂಬಿಗೆ 2019ರಲ್ಲಿ ಕೊಟ್ಟ ಹೆಸರು ವರ್ಟೆಬ್ರೇಟಾ ಅಟೆರಿಮೊಫಿಲಾ. ಈ ಕ್ರಮವೇ ಸರಿಯೆಂದು ನನ್ನ ಅಭಿಪ್ರಾಯ. ದಾಯಾದಿ, ದೂರದವ ಎಂಬ ವಿಂಗಡಣೆ ಕೂಡ ಎರಡು ಕಪಾಟುಗಳಲ್ಲ; ಒಡೆದು ಬೇರೆಯಾಗಿ ಎಷ್ಟು ಕಾಲವಾಯಿತು ಎಂಬುದರ ಅಳತೆ ಮಾತ್ರ ಎಂದು ನನಗೆ ತೋರುತ್ತದೆ.

ಮಾರ್ಚಿನಲ್ಲಿ ಶಾಲೆಯ ವರ್ಷ ಮುಗಿಯುವ ಮೊದಲು ಹಾಳೆಗಳಿಗೆ ಚೀಟಿ ಅಂಟಿಸಿದೆ. ಮೊದಲನೆಯದರಲ್ಲಿ "ಗ್ರಾಸಿಲೇರಿಯಾ ಕಾರ್ಟಿಕೇಟಾ, ಹೆಣ್ಣು ಸಸ್ಯ, ಸಿಸ್ಟೋಕಾರ್ಪ್ ಸಹಿತ, ಬೇಕಲ" ಎಂದು ಬರೆದೆ; ಎರಡನೆಯದರಲ್ಲಿ ಅದೇ ಹೆಸರು ಬರೆದು, "ಗಂಟುಗಳ ಸಹಿತ, ಪರಾವಲಂಬಿ ಪಾಚಿಯಲ್ಲ" ಎಂದು ಸೇರಿಸಿ, ಎರಡನ್ನೂ ಗ್ರಾಸಿಲೇರಿಯಾದ ಕಡತದಲ್ಲಿಯೇ ಇಟ್ಟೆ. "ಪರಾವಲಂಬಿಗಳು" ಎಂದು ಬರೆದಿದ್ದ ಕಡತದ ಹೆಸರನ್ನು ಹೊಡೆದುಹಾಕಿ ಈಗ ಪ್ರಯೋಗಾಲಯದ ಖರ್ಚಿನ ರಸೀದಿಗಳನ್ನು ಅದರಲ್ಲಿ ಹಾಕುತ್ತಿದ್ದೇನೆ. ನಿಜವಾದ ದಾಯಾದಿಯೊಂದು ನಾಳೆ ಸಿಕ್ಕಿದರೂ ಅದು ಹೋಗಬೇಕಾದದ್ದು ಗ್ರಾಸಿಲೇರಿಯಾದ ಕಡತಕ್ಕೇ.